ಇರ್ಪುವಿನಲ್ಲಿ ಮೂಗಿಗೆ ಕ್ಲಿಪ್

ಮಡಿಕೇರಿಯ ಬಗ್ಗೆ ಹೇಳುವುದೇನೂ ಇಲ್ಲ. ರಾಜಾಸೀಟ್‌ನಲ್ಲಿ ಸೂರ್ಯಾಸ್ತಕ್ಕಿಂತ ಸೆಲ್ಫಿ ಕೋಲುಗಳೇ ಜಾಸ್ತಿ ಕಂಡವು. ಬರೆಯಬೇಕು ಅನ್ನಿಸಿದ್ದು ಕುಟ್ಟದ ಹತ್ತಿರದ ಇರ್ಪು ಜಲಪಾತದಲ್ಲಿ ಸಿಕ್ಕ ಅಕ್ಕನ ಮಾತು.

ಏಪ್ರಿಲ್ ಆದ್ದರಿಂದ ನೀರು ಸಣ್ಣಗೆ ಬೀಳುತ್ತಿತ್ತು. ಕೆಳಗೆ ಹುಡುಗನೊಬ್ಬ ಮೂಗಿಗೆ ನೀಲಿ ಕ್ಲಿಪ್ ಸಿಕ್ಕಿಸಿಕೊಂಡು ಕುಣಿಯುತ್ತಿದ್ದ. ನಮ್ಮ ಪುಟ್ಟಿ ಕಿಸಕ್ಕನೆ ನಕ್ಕಳು. ಅವನ ಅಮ್ಮ ಬಂಡೆಯ ಮೇಲೆ ಕೂತಿದ್ದರು. ಕಣ್ಣೂರು ಕಡೆಯವರು, ನರ್ಸ್. ವಿರಾಜಪೇಟೆಯಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿತ್ತು.

"ಏನಕ್ಕಾ, ಇಷ್ಟು ತಣ್ಣನೆ ನೀರಿಗೂ ಕ್ಲಿಪ್ಪಾ?"

"ಇಲ್ಲಿ ಅಷ್ಟು ಭಯ ಇಲ್ಲ ಸಾರ್. ಆ ಮಿದುಳು ತಿನ್ನೋ ಅಮೀಬಾಗೆ ಬೆಚ್ಚಗಿನ ನೀರು ಬೇಕು. ಇವನು ಊರಲ್ಲಿ ದಿನಾ ಕೊಳಕ್ಕೆ ಬೀಳ್ತಾನೆ. ಅಭ್ಯಾಸ ಆಗ್ಲಿ ಅಂತ ಹಾಕಿಸಿದ್ದೀನಿ."

ನೆಗ್ಲೇರಿಯಾ ಫೌಲೇರಿ ಅಂತ ಅದರ ಹೆಸರು. ನೀರು ಕುಡಿದರೆ ಅದು ಏನೂ ಮಾಡುವುದಿಲ್ಲವಂತೆ. ಮೂಗಿಗೆ ನುಗ್ಗಿದರೆ ಮಾತ್ರ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತದೆ. ಬರುವುದು ತೀರಾ ಅಪರೂಪ, ಆದರೆ ಬಂದರೆ ಉಳಿಯುವವರು ನೂರಕ್ಕೆ ಮೂರು ಜನವೂ ಇಲ್ಲ.

"ಮೊದಲು ಜ್ವರ, ತಲೆನೋವು, ವಾಂತಿ. ಆಮೇಲೆ ಕತ್ತು ಬಿಗಿಯುತ್ತೆ. ಬೇರೆ ಮಿದುಳು ಜ್ವರದ ಹಾಗೇ ಕಾಣುತ್ತೆ ಸಾರ್. ನೀರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಯಾರೂ ಹೇಳಲ್ಲ, ಅಲ್ವಾ? ಅದೇ ತೊಂದರೆ."

2024ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬದುಕಿದ್ದು ಅವರಿಗೆ ಬಾಯಿಪಾಠ. ಮಗ ಕೊಳದಲ್ಲಿ ಈಜಿದ್ದನ್ನು ಅಪ್ಪ ಬೇಗ ಹೇಳಿದ್ದರು. ಕಾಲಾ ಅಜಾರ್ ಎಂಬ ಬೇರೊಂದು ಕಾಯಿಲೆಗೆ ಕೊಡುವ ಮಿಲ್ಟೆಫೋಸಿನ್ ಮಾತ್ರೆಯೂ ಅವನ ಚಿಕಿತ್ಸೆಯಲ್ಲಿ ಇತ್ತು. ನನಗೆ ಆಗ ನೆನಪಾಯಿತು: 2025ರ ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಶಬರಿಮಲೆಗೆ ಹೊರಟವರಿಗೆ, ಮೂಗಿಗೆ ಕ್ಲಿಪ್ ಹಾಕಿ, ಇಲ್ಲವೇ ಮೂಗು ಹಿಡಿದುಕೊಂಡು ಮುಳುಗಿ ಅಂದಿತ್ತು. ಓದಿ ಸುಮ್ನೆ ಪುಟ ತಿರುಗಿಸಿದ್ದೆ.

ಸಂಜೆ ಹೋಂಸ್ಟೇಗೆ ಬಂದೆವು. ಜಾಸ್ತಿ ದುಡ್ಡು ಕೊಟ್ಟಿದ್ದೇ ಈಜುಕೊಳಕ್ಕಾಗಿ. ಮೆಟ್ಟಿಲ ಮೇಲೆ ಪಾಚಿ, ತಳ ಕಾಣುತ್ತಿಲ್ಲ, ಕೈ ಅದ್ದಿದರೆ ಹಂಡೆಯ ನೀರಿನಷ್ಟು ಬೆಚ್ಚಗೆ.

"ಕ್ಲೋರಿನ್ ಹಾಕ್ತೀರಾ?"

"ಇಲ್ಲ ಸಾರ್, ಇದು ತೋಟದ ಕೆರೆ ನೀರು. ಪೂರ್ತಿ ನ್ಯಾಚುರಲ್. ಕೆಮಿಕಲ್ ಮುಟ್ಟಿಸಲ್ಲ," ಎಂದ ನೋಡಿಕೊಳ್ಳುವ ಹುಡುಗ, ಹೆಮ್ಮೆಯಿಂದ.

ಕ್ಲೋರಿನ್ ಸರಿಯಾಗಿ ಹಾಕಿದರೆ ಈ ಅಮೀಬಾ ಸಾಯುತ್ತದೆ. ಬುಕ್ ಮಾಡುವ ಮೊದಲೇ ಇದನ್ನು ಕೇಳಿ, ಕೊಳದ ಇವತ್ತಿನ ಫೋಟೊ ತರಿಸಿಕೊಳ್ಳಿ. ನಮಗೆ ದುಡ್ಡು ವಾಪಸ್ ಬರಲಿಲ್ಲ. ಪುಟ್ಟಿ ಒಂದು ಗಂಟೆ ಮುಖ ಊದಿಸಿಕೊಂಡಿದ್ದಳು. ಅವರ ಕಡಂಬುಟ್ಟು, ಕಣಿಲೆ ಸಾರು ಮಾತ್ರ ಬಹಳ ಚೆನ್ನಾಗಿತ್ತು, ಅದನ್ನು ಹೇಳದೆ ಇರಲಾರೆ.