ದೊಡ್ಡ ಆಂಪ್ ಹಾಕಿಸಲಾ? ಸೆಡಾನ್ ಇರುವವರೆಲ್ಲ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾರಿನ ಸ್ಟೀರಿಯೋ ನನ್ನ ಹುಚ್ಚು ಎಂದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಹಳೇ ಹ್ಯಾಚ್‌ಬ್ಯಾಕ್‌ನಲ್ಲಿ ವೂಫರ್ ಸಖತ್ತಾಗಿತ್ತು. ಅದನ್ನೇ ಸೆಡಾನ್‌ಗೆ ಹಾಕಿಸಿದೆ, ಬೇಸೇ ಇಲ್ಲ. ದೊಡ್ಡ ಆಂಪ್ ಹಾಕಿಸಲಾ?" ಕಾರು ಬೇರೆ ಬೇರೆ, ವೂಫರ್ ಬೇರೆ ಬೇರೆ. ಕೊನೆಯ ವಾಕ್ಯ ಮಾತ್ರ ಯಾವಾಗಲೂ ಅದೇ. (ಬೇಸ್ ಅಂದರೆ ಹಾಡಿನ ತಗ್ಗು ಸದ್ದು, ವೂಫರ್ ಅದನ್ನು ಹೊರಡಿಸುವ ದೊಡ್ಡ ಸ್ಪೀಕರ್, ಆಂಪ್ ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರ್.)

ಬೇಡ. ಇರುವ ಆಂಪ್ ಇರಲಿ. ನಿಮ್ಮ ಬೇಸ್ ಎಲ್ಲೂ ಹೋಗಿಲ್ಲ, ಡಿಕ್ಕಿಯಲ್ಲೇ ಇದೆ. ಅದಕ್ಕೆ ಒಳಗೆ ಬರಲು ದಾರಿ ಇಲ್ಲ, ಅಷ್ಟೇ.

ಹೋದ ವರ್ಷ ನನ್ನ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಂಡ. ಹಳೇ ಕಾರಿನಿಂದ 12 ಇಂಚಿನ ವೂಫರ್, ಅದರ ಪೆಟ್ಟಿಗೆ, ಆಂಪ್ ಎಲ್ಲವನ್ನೂ ಬಿಚ್ಚಿ ಇದಕ್ಕೆ ಹಾಕಿಸಿಕೊಂಡು ಭಾನುವಾರ ಬೆಳಗ್ಗೆ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಗೇಟಿನ ಹತ್ತಿರ ನಿಂತ ನನಗೆ ದಂ ದಂ ಅಂತ ಕೇಳುತ್ತಿದೆ. ಎದುರು ಮನೆಯ ಕಿಟಕಿ ಗಾಜು ಅದುರುತ್ತಿದೆ. ಕಾರೊಳಗೆ ಹೋಗಿ ಕೂತರೆ ಮೂರನೇ ಬೀದಿಯ ಗಣೇಶನ ಪೆಂಡಾಲ್‌ನಿಂದ ಬಂದ ಹಾಗೆ ಎಲ್ಲೋ ದೂರದಲ್ಲಿ ಡುಬು ಡುಬು.

"ಮಾವ, ಆಂಪ್ ಸಾಲ್ತಿಲ್ಲ ಅನ್ಸುತ್ತೆ" ಎಂದ.

"ಆಂಪ್ ಇರಲಿ, ಹಿಂದಿನ ಸೀಟು ಬಿಚ್ಚೋಣ ಬಾ" ಎಂದೆ.

ಎರಡು ಬೋಲ್ಟ್ ತೆಗೆದು ಸೀಟಿನ ಬೆನ್ನನ್ನು ಮೇಲಕ್ಕೆ ಎತ್ತಿದರೆ ಕೊಕ್ಕೆಯಿಂದ ಕಳಚಿಕೊಂಡಿತು. ಹಿಂದೆ ಉಕ್ಕಿನ ತಗಡು. ಅಲ್ಲಲ್ಲಿ ತೂತುಗಳಿದ್ದವು, ಅವನ್ನು ದಪ್ಪ ಫೆಲ್ಟ್ ಹಾಸಿ ಮುಚ್ಚಿದ್ದರು. ಮೇಲೆ ಪಾರ್ಸೆಲ್ ಟ್ರೇ, ಅಂದರೆ ಹಿಂದಿನ ಗಾಜಿನ ಕೆಳಗಿನ ಹಲಗೆ. ಅದರಡಿಯೂ ತಗಡೇ. ಸಾಲದ್ದಕ್ಕೆ ಇವನು ಸೀಟಿಗೆ ಗಾಳಿಯೇ ಆಡದ ರೆಕ್ಸಿನ್ ಕವರ್ ಬೇರೆ ಹಾಕಿಸಿದ್ದ. ಬರೀ ಫೋಮ್ ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ತಗಡು ಮತ್ತು ಗಾಳಿ ನುಸುಳದ ಪದರಗಳು. ಹ್ಯಾಚ್‌ಬ್ಯಾಕ್‌ನಲ್ಲಿ ವೂಫರ್ ನಮ್ಮ ಜೊತೆ ಒಂದೇ ಕೋಣೆಯಲ್ಲಿ ಕೂತಿರುತ್ತದೆ. ಸೆಡಾನ್‌ನಲ್ಲಿ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಒಳಗೆ ಬರಲಾಗದ ಶಕ್ತಿ ಡಿಕ್ಕಿಯ ಮುಚ್ಚಳವನ್ನು ಅಲ್ಲಾಡಿಸಿ ಬೀದಿಗೆ ಹೋಗುತ್ತದೆ. ಆಂಪ್ ದೊಡ್ಡದು ಮಾಡಿದರೆ ಎದುರು ಮನೆಯವರಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ.

ಅವನ ಕಾರಿನಲ್ಲಿ ಸೀಟಿನ ನಡುವಿನ ಆರ್ಮ್‌ರೆಸ್ಟ್ ಹಿಂದೆ ಒಂದು ಪ್ಲಾಸ್ಟಿಕ್ ಮುಚ್ಚಳ ಇತ್ತು. ಉದ್ದನೆಯ ಸಾಮಾನು ಡಿಕ್ಕಿಯಿಂದ ಒಳಗೆ ತೂರಿಸಲು ಕೊಟ್ಟಿರುವ ಕಿಂಡಿ. ಸೀಟನ್ನು ವಾಪಸ್ ಕೂರಿಸಿ, ಆರ್ಮ್‌ರೆಸ್ಟ್ ಇಳಿಸಿ, ಆ ಮುಚ್ಚಳ ತೆಗೆದು ಅದೇ ಹಾಡು ಹಾಕಿದೆವು. ಹುಡುಗ ಹಿಂದಕ್ಕೆ ತಿರುಗಿ ನೋಡಿದ. ಕಿಂಡಿಯ ಮುಂದೆ ಒಂದು ಟಿಶ್ಯೂ ಪೇಪರ್ ಹಿಡಿದೆ. ಪ್ರತಿ ಹೊಡೆತಕ್ಕೂ ಅದು ಪಟಪಟ ಅಂತ ನಡುಗುತ್ತಿತ್ತು. ಇಷ್ಟು ಹೊತ್ತು ಡಿಕ್ಕಿಯಲ್ಲಿ ಕೊಳೆಯುತ್ತಿದ್ದ ಬೇಸ್ ಅದು.

ಕಿಂಡಿ ಇಲ್ಲದ ಕಾರುಗಳೂ ಬೇಕಾದಷ್ಟಿವೆ. ಆಗ ಪಾರ್ಸೆಲ್ ಟ್ರೇ ನೋಡಿ. ನಮ್ಮಲ್ಲಿ ಅಲ್ಲಿ ಎರಡು ಓವಲ್ ಸ್ಪೀಕರ್ ಹಾಕಿಸದಿದ್ದರೆ ಕಾರು ತಗೊಂಡ ಸಮಾಧಾನವೇ ಇರುವುದಿಲ್ಲ. ಆ 6x9 ಇಂಚಿನ ಓವಲ್‌ಗಳಿಗೆ ಡಿಕ್ಕಿಯೇ ಪೆಟ್ಟಿಗೆ. ಅದೇ ಡಿಕ್ಕಿಯಲ್ಲಿ ವೂಫರ್ ಇಟ್ಟರೆ ಅದರ ಗಾಳಿ ಓವಲ್‌ಗಳ ಕೋನನ್ನು (ಅದುರಿ ಸದ್ದು ಮಾಡುವ ಮುಂಭಾಗ) ಹಿಂದಿನಿಂದ ತಳ್ಳುತ್ತದೆ. ಅವು ತಮ್ಮ ಹಾಡು ಹಾಡಲಾರವು, ವೂಫರಿನದನ್ನೂ ಸರಿಯಾಗಿ ಬಿಡಲಾರವು. ನನ್ನ ಸಲಹೆ ಕೇಳಿದರೆ ಜನ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ: ಓವಲ್ ಎರಡನ್ನೂ ಕಿತ್ತುಹಾಕಿ, ಜಾಲರಿ ಮಾತ್ರ ಉಳಿಸಿ. ಎರಡು ದೊಡ್ಡ ತೂತು ಸಿಕ್ಕವಲ್ಲ, ಬೇಸ್ ಅಲ್ಲಿಂದ ನೇರ ಒಳಗೆ. ಹಿಂದಿನ ಬಾಗಿಲಲ್ಲಿ ಸಾಮಾನ್ಯವಾಗಿ ಹೇಗೂ ಸ್ಪೀಕರ್ ಇರುತ್ತದೆ.

ಮುಂದಿನದು ಪೆಟ್ಟಿಗೆ ಯಾವ ಕಡೆ ಮುಖ ಮಾಡಬೇಕು ಅನ್ನುವುದು. ಸೀಟಿಗೆ ಅಂಟಿಸಿ ಮುಂದಕ್ಕೆ ಮುಖ ಮಾಡಿದರೆ ಸದ್ದು ನೇರ ನಮ್ಮ ಬೆನ್ನಿಗೆ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆದರೆ ಬೇಸ್ ಟಾರ್ಚ್ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಪೆಟ್ಟಿಗೆಯ ಸುತ್ತ ಹರಡಿ ಹಿಂದಕ್ಕೂ ಹೋಗಿ, ಡಿಕ್ಕಿಯ ಕೊನೆಗೆ ಬಡಿದು ವಾಪಸ್ ಬರುತ್ತದೆ. ಆ ಕೊನೆ 1 ಮೀಟರ್ ದೂರ ಇದ್ದರೆ ಹೋಗಿ ಬರುವುದು 2 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ, ಈ 2 ಮೀಟರ್ ಅರ್ಧ ಅಲೆಯ ಉದ್ದವಾಗುವ 85 ಹರ್ಟ್ಜ್ (ಸೆಕೆಂಡಿಗೆ 85 ಕಂಪನ) ಆಸುಪಾಸಿನಲ್ಲಿ ಹೋದ ಅಲೆ, ಬಂದ ಅಲೆ ಎರಡೂ ಎದುರಾಗಿ ಒಂದನ್ನೊಂದು ತಿಂದು ಹಾಕುತ್ತವೆ. ಡ್ರಮ್ಮಿನ ಏಟು ಎದೆಗೆ ತಾಗುವುದು ಹೆಚ್ಚುಕಮ್ಮಿ ಅಲ್ಲೇ. ಅದಕ್ಕೇ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಕೋನ್ ಮುಖವನ್ನು ನಂಬರ್ ಪ್ಲೇಟ್ ಕಡೆಗೆ ತಿರುಗಿಸಿ, ಒಂದು ಗೇಣಷ್ಟು ಜಾಗ ಬಿಡಿ. ಹೋಗಿ ಬರುವ ದೂರ ಕಮ್ಮಿ ಆದರೆ ಈ ಜಗಳ ನಮ್ಮ ವೂಫರ್ ಹಾಡದ ಎತ್ತರದ ಸ್ವರಗಳಿಗೆ ಹೋಗುತ್ತದೆ. ಪ್ರತಿ ಕಾರೂ ಒಂದೇ ಥರ ಅಲ್ಲ, ಹಾಗಾಗಿ ಸ್ಕ್ರೂ ಹೊಡೆಯುವ ಮೊದಲು ನಾಲ್ಕು ಕಡೆ ಇಟ್ಟು ಕೇಳಿ. ಕೇಳುವಾಗ ಡಿಕ್ಕಿ ಮುಚ್ಚಿರಲಿ, ಕಿಟಕಿ ಮುಚ್ಚಿರಲಿ. ನಾಲ್ಕೂ ಬಾಗಿಲು ತೆರೆದು ಹಾಡು ಹಾಕಿ "ನೋಡಿ ಸಾರ್ ಬೇಸ್" ಎನ್ನುವ ಅಂಗಡಿಯವರ ಮಾತು ನಂಬಬೇಡಿ.

ಮುಚ್ಚಿದ ಕಾರಿನಿಂದ ಒಂದು ಲಾಭವೂ ಇದೆ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್. ಕಾರಿನ ಒಳಗೆ ಉದ್ದ ಎರಡೂವರೆ ಮೀಟರ್ ಇದ್ದರೆ ಹೆಚ್ಚು. ಅಲೆಗೆ ಕಾಲು ಚಾಚಲೂ ಜಾಗ ಇಲ್ಲ. ಹಾಗಾಗಿ ಸುಮಾರು 70 ಹರ್ಟ್ಜ್ ಕೆಳಗೆ ಇಡೀ ಕಾರು ಸೈಕಲ್ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಕೋನ್ ತಳ್ಳಿದಾಗ ಒಳಗಿನ ಒತ್ತಡ ಏರುತ್ತದೆ, ಎಳೆದಾಗ ಇಳಿಯುತ್ತದೆ. ಸ್ವರ ಕೆಳಗಿಳಿದಷ್ಟೂ ಈ ಸಹಾಯ ಜಾಸ್ತಿ. ಅದಕ್ಕೇ ನನಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಇಷ್ಟ. 12 ಇಂಚಿನ ವೂಫರ್‌ಗೆ ಸುಮಾರು 28 ಲೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ಕೊಳವೆ ಇಟ್ಟ ಪೆಟ್ಟಿಗೆ ಹತ್ತಿರ ಹತ್ತಿರ ಎರಡು ಪಟ್ಟು ಜಾಗ ತಿನ್ನುತ್ತದೆ. ಅದು ಜೋರು ಹೌದು, ಆದರೆ ಊರಿಗೆ ಹೋಗುವಾಗ ಅಕ್ಕಿ ಚೀಲ, ತೆಂಗಿನಕಾಯಿ ಎಲ್ಲಿಡುತ್ತೀರಿ?

ಇನ್ನು ಬಿಟ್ಟಿ ಕೆಲಸ ಒಂದಿದೆ, ಯಾರೂ ಮಾಡುವುದಿಲ್ಲ. ಆಂಪ್ ಮೇಲೆ ಅಥವಾ ಸ್ಟೀರಿಯೋ ಮೆನುವಿನಲ್ಲಿ ಫೇಸ್ (phase) ಎಂಬ ಸ್ವಿಚ್ ಇರುತ್ತದೆ: 0, 180. 180ಕ್ಕೆ ಹಾಕಿದರೆ ವೂಫರ್ ತಳ್ಳುವುದು, ಎಳೆಯುವುದು ಉಲ್ಟಾ ಆಗುತ್ತದೆ. ಒಬ್ಬರು ಡ್ರೈವರ್ ಸೀಟಲ್ಲಿ ಕೂರಬೇಕು, ಇನ್ನೊಬ್ಬರು ಸ್ವಿಚ್ ಬದಲಿಸಿ ಡಿಕ್ಕಿ ಮುಚ್ಚಬೇಕು. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದು ಸರಿ. ನನ್ನ ಅಳಿಯನ ಕಾರಿನಲ್ಲಿ 180ಕ್ಕೆ ಹಾಕಿದ ಕೂಡಲೇ ಬೇಸ್ ಹಿಂದಿನಿಂದ ಎದ್ದು ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂತ ಹಾಗಾಯಿತು. ವೂಫರ್‌ಗೆ 80 ಹರ್ಟ್ಜ್ ಮೇಲಿನದು ಹೋಗದಂತೆ, ಬಾಗಿಲ ಸ್ಪೀಕರ್‌ಗೆ ಅದರ ಕೆಳಗಿನದು ಹೋಗದಂತೆ ಫಿಲ್ಟರ್ ಇಡಿ. ಅಲ್ಲಿಂದ ಕಿವಿಗೆ ಹಿತವಾದ ಕಡೆ ಆಚೀಚೆ ಮಾಡಿ.

ಬಾಗಿಲು ಅಂದೆನಲ್ಲ. "ಬೇಸ್ ಇಲ್ಲ" ಎನ್ನುವ ಅರ್ಧ ಜನಕ್ಕೆ ನಿಜವಾಗಿ ಕಮ್ಮಿ ಇರುವುದು ಡೊಳ್ಳಿನ ಏಟಿನ ಆ ತುಂಬು ಭಾಗ, ತಬಲಾದ ಎಡದ ಗುಂಕಾರ. ಅದರಲ್ಲಿ ಬಹುಪಾಲು ಮುಂದಿನ ಬಾಗಿಲಿಂದ ಬರಬೇಕು. ಬಾಗಿಲ ಒಳತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿರುತ್ತವೆ, ಸ್ಪೀಕರಿನ ಹಿಂದಿನ ಸದ್ದು ಅಲ್ಲಿಂದ ಬಂದು ಮುಂದಿನ ಸದ್ದನ್ನು ಕೊಲ್ಲುತ್ತದೆ. ಡ್ಯಾಂಪಿಂಗ್ ಶೀಟ್ (ತಗಡು ಅದುರದಂತೆ ತಡೆಯುವ ಅಂಟು ಹಾಳೆ) ಹಾಕಿ ಅವನ್ನು ಮುಚ್ಚಿಸಿ. ಬಾಗಿಲ ತಳದಲ್ಲಿ ನೀರು ಇಳಿದು ಹೋಗುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ಮಲೆನಾಡಿನ ಒಂದು ಮಳೆಗಾಲ ಸಾಕು, ಬಾಗಿಲು ತುಕ್ಕು ಹಿಡಿಯಲು.

ಬೇಸ್ ಒಳಗೆ ಬಂದ ಮೇಲೆ ಕಿರಿಕಿರಿ ಶುರು. ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 30ರಿಂದ 80 ಹರ್ಟ್ಜ್ ತನಕ ನಿಧಾನಕ್ಕೆ ಏರಿಸಿದೆವು. ಅಳಿಯ ಒಳಗೆ, ನಾನು ಹೊರಗೆ ಅಂಗೈ ಒತ್ತಿಕೊಂಡು ಸುತ್ತುತ್ತಿದ್ದೆ. ಒಂದು ಕಡೆ ನಂಬರ್ ಪ್ಲೇಟ್ ಹಲ್ಲು ಕಡಿಯಿತು. ಸ್ವಲ್ಪ ಮೇಲೆ ಹೋದರೆ ಪಾರ್ಸೆಲ್ ಟ್ರೇ ಮೇಲಿನ ಬ್ರೇಕ್ ಲೈಟಿನ ಕವರ್. ಇನ್ನೂ ಮೇಲೆ ಹೋದಾಗ ಡಿಕ್ಕಿಯೊಳಗೆ ಏನೋ ಗಲಗಲ. ಹುಡುಕಿ ಹುಡುಕಿ ಸಾಕಾಗಿ ಸ್ಟೆಪ್ನಿ ಎತ್ತಿದರೆ ಹಳೇ ಮಾಲೀಕರು ಬಿಟ್ಟು ಹೋದ ಒಂದು ಜೋಡಿ ಗೆಜ್ಜೆ! ಯಾರ ಮಗಳದೋ ಏನೋ. ನಂಬರ್ ಪ್ಲೇಟ್ ಹಿಂದೆ ಸೈಕಲ್ ಟ್ಯೂಬಿನ ಎರಡು ತುಂಡು ಇಟ್ಟು ಬಿಗಿ ಮಾಡಿದೆವು. ನನ್ನ ಹತ್ತಿರ ಉಳಿದಿದ್ದ ಡ್ಯಾಂಪಿಂಗ್ ಶೀಟನ್ನು ಡಿಕ್ಕಿ ಮುಚ್ಚಳದ ಒಳಗೆ ಅಂಟಿಸಿದೆವು.

ಈಗ ಆಂಪ್ ವಿಷಯಕ್ಕೆ ಬರೋಣ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್, ಕಿವಿಗೆ "ಹೂಂ, ಸ್ವಲ್ಪ ಜಾಸ್ತಿ ಆಯ್ತು" ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಆಂಪ್ ಬರುವ ಡಬ್ಬದ ಮೇಲೆ ಬರೆದ ವ್ಯಾಟನ್ನು ನಂಬಲೂಬೇಡಿ. ನಾನು ಹುಡುಗಾಟದ ವಯಸ್ಸಿನಲ್ಲಿ ಒಂದು ಅಂಗಡಿಯಿಂದ 1,200 ವ್ಯಾಟ್ ಎಂದು ಬರೆದ ಆಂಪ್ ತಂದಿದ್ದೆ. ಎಷ್ಟೋ ದಿನ ಆದ ಮೇಲೆ ಅದರ ಫ್ಯೂಸ್ ನೋಡಿದೆ: 20 ಆಂಪಿಯರ್. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. 14 ಇಂಟು 20, ಅಂದರೆ ಒಳಗೆ ಹೋಗುವುದೇ 280 ವ್ಯಾಟ್. ಅದರಲ್ಲಿ ಅರ್ಧದ ಹತ್ತಿರ ಬಿಸಿಯಾಗಿ ಹೋಗುತ್ತಿತ್ತು. ಸುಳ್ಳು ಹೇಳಲು ಬಾರದ್ದು ಫ್ಯೂಸ್ ಒಂದೇ.

ಆಂಪ್ ಮೇಲಿನ ಗೇನ್ ತಿರುಪನ್ನು (ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದು) ವಾಲ್ಯೂಮ್ ಅಂದುಕೊಂಡು ಪೂರ್ತಿ ತಿರುಗಿಸಬೇಡಿ, ವೂಫರ್ ಸುಡುವುದು ಹಾಗೆಯೇ. ಬ್ಯಾಟರಿಯಿಂದ ಹೊರಡುವ ತಂತಿಗೆ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ತಂತಿ ತಗಡಿನ ತೂತು ದಾಟುವ ಕಡೆ ರಬ್ಬರ್ ಇರಬೇಕು. ಇಲ್ಲಿ ದುಡ್ಡು ಉಳಿಸಲು ಹೋದರೆ ಕಾರಿಗೇ ಬೆಂಕಿ.

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆ, ಕಿಂಡಿಯೂ ಇಲ್ಲ, ಓವಲ್ ತೆಗೆಯಲು ಮನಸ್ಸೂ ಇಲ್ಲ ಎನ್ನುವವರು ಮುಂದಿನ ಸೀಟಿನ ಕೆಳಗೆ ಕೂರುವ ತೆಳು ವೂಫರ್ ತಗೊಳ್ಳಿ. ಎದೆ ಗುದ್ದುವುದಿಲ್ಲ. ಆದರೆ ನಮ್ಮ ಕೋಣೆಯಲ್ಲೇ ಇರುವುದರಿಂದ ಹಾಡು ತುಂಬಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಟೈರಿನ ಗುಂಯ್ ಸದ್ದು ಬೇಸನ್ನೇ ಮೊದಲು ನುಂಗುವುದರಿಂದ, ಓಡುವಾಗ ಒಂದೆರಡು ಹಂತ ಏರಿಸಿಕೊಳ್ಳಬೇಕಾಗುತ್ತದೆ.

ಅಳಿಯನ ಕಾರಿಗೆ ಆ ದಿನ ಆದ ಖರ್ಚು ಒಂದು ಫೋಮ್ ಟೇಪಿನದು, 90 ರೂಪಾಯಿ. ಸಂಜೆ ಅವನ ಟ್ರೇಯಿಂದಲೂ ಕಿತ್ತ ಓವಲ್ ಎರಡನ್ನೂ ಹಳೇ ಟವೆಲ್‌ನಲ್ಲಿ ಸುತ್ತಿಕೊಂಡು ಖುಷಿಯಿಂದ ಹೊರಟ. ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು.

"ಅದೇನೋ ದೊಡ್ಡ ಆಂಪ್ ಹಾಕಿಸ್ಬೇಕು, ಮಾವನೇ ಹೇಳಿದ್ದಾರೆ ಅಂತ ಎಂಟು ಸಾವಿರ ಇಸ್ಕೊಂಡು ಬಂದಿದ್ದ. ಸಾಕಾಯ್ತೇನೋ?"

"ಸಾಕಾಯ್ತು ಅಕ್ಕ" ಎಂದೆ.