ಪ್ಯಾರಿಸ್‌ನಲ್ಲಿ ಜುಲೈ 14: ಪೆರೇಡ್ ನೋಡಿದೆ, ಕೋಟೆ ಹುಡುಕಿದೆ

ಬೆಳಿಗ್ಗೆ ಆರಕ್ಕೇ ಮಗಳು ಎಬ್ಬಿಸಿದಳು. "ಅಮ್ಮಾ, ತಡವಾದರೆ ಬರೀ ಜನರ ಬೆನ್ನು ನೋಡಬೇಕಾಗುತ್ತೆ." ಅವಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ನಾನು ಹದಿನೈದು ದಿನ ಇದ್ದು ಹೋಗಲು ಬಂದಿದ್ದೇನೆ. ಅವತ್ತು ಫ್ರಾನ್ಸಿನ ರಾಷ್ಟ್ರೀಯ ದಿನ. ಪೆರೇಡ್ ನಡೆಯುವ ಶಾಂಜೆಲಿಜೆ ರಸ್ತೆಯ ಹತ್ತಿರದ ಮೆಟ್ರೋ ನಿಲ್ದಾಣಗಳೆಲ್ಲ ಬಂದ್. ದೂರದಲ್ಲಿ ಇಳಿದು ನಡೆದು, ಬ್ಯಾಗ್ ತಪಾಸಣೆ ಮುಗಿಸಿ, ಬೇಲಿ ಪಕ್ಕ ಜಾಗ ಹಿಡಿದೆವು. ನೀವು ಬರುವುದಾದರೆ ನೀರು, ಟೋಪಿ ಮರೆಯಬೇಡಿ. ಎರಡು ಮೂರು ಗಂಟೆ ಸುಮ್ನೆ ನಿಂತಿರಬೇಕು.

ಮೊದಲು ವಿಮಾನಗಳು ಬಂದವು. ನೀಲಿ, ಬಿಳಿ, ಕೆಂಪು ಹೊಗೆ ಬಿಡುತ್ತಾ ತಲೆಯ ಮೇಲೆ ಹಾದು ಹೋದವು. ಆಮೇಲೆ ದಳದ ಹಿಂದೆ ದಳ. 2023ರಲ್ಲಿ ನಮ್ಮ ಪಂಜಾಬ್ ರೆಜಿಮೆಂಟ್ ನಡೆದದ್ದೂ ಇದೇ ರಸ್ತೆಯಲ್ಲಿ. ಅದನ್ನು ನೆನೆದು ನನ್ನ ಗಂಟಲು ಕಟ್ಟಿತು.

ನಡೆದು ಬರುವವರಲ್ಲಿ ಕೊನೆಯವರು ಫಾರಿನ್ ಲೀಜನ್. ನೂರಕ್ಕೂ ಹೆಚ್ಚು ದೇಶಗಳ ಜನ ಸೇರಿರುವ, ಫ್ರಾನ್ಸ್ ಸೈನ್ಯದ್ದೇ ದಳ ಅದು. ಬೇರೆಯವರು ನಿಮಿಷಕ್ಕೆ 120 ಹೆಜ್ಜೆ ಹಾಕಿದರೆ ಇವರದು 88. ಅದಕ್ಕೇ ಕೊನೆಯಲ್ಲಿ ಬಿಡುತ್ತಾರೆ. ಮುಂದಿನ ಸಾಲಿನವರಿಗೆ ಉದ್ದ ಗಡ್ಡ, ತೊಗಲಿನ ಏಪ್ರನ್, ಹೆಗಲ ಮೇಲೆ ಕೊಡಲಿ. ಹಿಂದಿನ ಕಾಲದಲ್ಲಿ ಸೈನ್ಯಕ್ಕೆ ದಾರಿ ಬಿಡಿಸುತ್ತಿದ್ದವರ ವೇಷ ಅದು. ಒಂದು ಹೆಜ್ಜೆ ಬಿದ್ದು ಇನ್ನೊಂದು ಬೀಳುವಷ್ಟರಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಬಹುದಿತ್ತು. ಒಬ್ಬನ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಕೊಡಲಿ ಮಾತ್ರ ಅಲುಗಲಿಲ್ಲ.

ಆದರೆ ನಮ್ಮ ಕಡೆ ಚಪ್ಪಾಳೆ ಜಾಸ್ತಿ ಬಿದ್ದದ್ದು ಕೆಂಪು ಗಾಡಿಗಳಿಗೆ. ಪ್ಯಾರಿಸ್‌ನ ಅಗ್ನಿಶಾಮಕ ದಳ ಸೈನ್ಯದ್ದೇ ಭಾಗ. 2019ರಲ್ಲಿ ನೋಟ್ರ ಡಾಮ್ ಚರ್ಚಿಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿದವರು ಇವರೇ ಅಲ್ವಾ. ಪಕ್ಕದಲ್ಲಿದ್ದ ಅಜ್ಜಿ ಎದ್ದು ನಿಂತು ಎರಡೂ ಕೈ ಬೀಸಿದರು. ನಾನೂ ಬೀಸಿದೆ.

ಊಟ ಮುಗಿಸಿ ಬ್ಯಾಸ್ಟಿಲ್‌ಗೆ ಹೋದೆವು. 1789ರ ಜುಲೈ 14ರಂದು ಜನ ನುಗ್ಗಿ ವಶಪಡಿಸಿಕೊಂಡ ಕೋಟೆ ಅದು. ವಿಚಾರಣೆಯೇ ಇಲ್ಲದೆ, ರಾಜನ ಒಂದು ಪತ್ರದ ಮೇಲೆ ಜನರನ್ನು ಕೂಡಿಹಾಕುತ್ತಿದ್ದ ಜೈಲು. ಅವತ್ತು ಒಳಗಿದ್ದ ಕೈದಿಗಳು ಬರೀ ಏಳು ಮಂದಿ. ಆದರೂ ಜನರ ಕಣ್ಣಿಗೆ ಆ ಗೋಡೆ ಎಂದರೆ ರಾಜನೇ.

ಈಗ ಅಲ್ಲಿ ಕೋಟೆ ಇಲ್ಲ. ನಡುವೆ ಎತ್ತರದ ಕಂಬವೊಂದಿದೆ, ಅದೂ 1830ರ ದಂಗೆಯಲ್ಲಿ ಸತ್ತವರ ನೆನಪಿಗೆ. ಕೋಟೆ ನಿಂತಿದ್ದ ಜಾಗವನ್ನು ನೆಲಹಾಸಿನಲ್ಲಿ ಕಲ್ಲಿನ ಗೆರೆ ಹಾಕಿ ತೋರಿಸಿದ್ದಾರೆ. ಗೊತ್ತಿಲ್ಲದವರು ತುಳಿದುಕೊಂಡು ಹೋಗುತ್ತಾರೆ. ಮೆಟ್ರೋ 5ನೇ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ತಳಪಾಯದ ಒಂದಿಷ್ಟು ಕಲ್ಲು ಉಳಿದಿವೆ. ಎರಡು ರೈಲು ಬಿಟ್ಟು ಅದನ್ನೇ ನೋಡುತ್ತಾ ನಿಂತೆ.

"ಮಿಕ್ಕ ಕಲ್ಲೆಲ್ಲ ಎಲ್ಲಿ ಹೋಯ್ತೇ?" ಅಂದೆ.

"ಒಂದಷ್ಟು ಸೇತುವೆಗೆ ಹೋಯ್ತಮ್ಮ. ಬೆಳಿಗ್ಗೆ ಪೆರೇಡ್ ಮುಗಿದ ಕಡೆಯೇ ಇದೆ."

ಸಂಜೆ ಕಾಂಕಾರ್ಡ್ ಸೇತುವೆಗೆ ಕರೆದುಕೊಂಡು ಹೋದಳು. ಕೋಟೆ ಕೆಡವಿದಾಗ ಇದನ್ನು ಕಟ್ಟುತ್ತಿದ್ದರಂತೆ, ಅಲ್ಲಿನ ಕಲ್ಲು ಇಲ್ಲಿಗೆ ಬಂತು. ಯಾವ ಕಲ್ಲು ಯಾವುದು ಅಂತ ಗುರುತಿಲ್ಲ. ಕೆಳಗೆ ಸೇನ್ ನದಿ, ಮೇಲೆ ಜನ, ಮಕ್ಕಳ ಕೈಯಲ್ಲಿ ಪುಟ್ಟ ಬಾವುಟ. ರಾತ್ರಿ ಐಫೆಲ್ ಗೋಪುರದ ಪಟಾಕಿ ನೋಡಲು ಎಲ್ಲರೂ ಆ ಕಡೆ ಹೊರಟಿದ್ದರು. ನಾವೂ ಅವರ ಜೊತೆ ಸೇತುವೆ ದಾಟಿದೆವು, ನಿಧಾನಕ್ಕೆ.