ಅರಳಿದ ಈರುಳ್ಳಿ

ಜುಲೈ 14, 2024, ಭಾನುವಾರ

ಸಂಜೆ ಇಡೀ ಈರುಳ್ಳಿಯನ್ನು ಹೂವಿನ ಹಾಗೆ ಅರಳಿಸಿ ಕರಿದೆ. ಬಳೆಬಳೆಯಾಗಿ ಕೊಯ್ದು ಕರಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ ಎಸಳೆಸಳಾಗಿ ಕಿತ್ತು ತಿನ್ನುವ ಸುಖವೇ ಬೇರೆ. ಅಮೆರಿಕದಲ್ಲಿ 1988ರಲ್ಲಿ ಶುರುವಾದ ಔಟ್‌ಬ್ಯಾಕ್ ಸ್ಟೇಕ್‌ಹೌಸ್ ಎಂಬ ಹೋಟೆಲ್ ಸರಣಿ ಈ ತಿಂಡಿಯನ್ನು ಹೆಸರುವಾಸಿ ಮಾಡಿತು. ಮನೆಯ ಬಾಣಲೆಯಲ್ಲೂ ಇದು ಚೆನ್ನಾಗಿಯೇ ಆಗುತ್ತದೆ, ನೀರಿನ ಮೇಲೆ ಒಂದು ಕಣ್ಣಿಟ್ಟಿದ್ದರೆ ಸಾಕು.

ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 89 ಭಾಗ ನೀರೇ. ಇಷ್ಟು ನೀರು ತುಂಬಿರುವುದನ್ನು ಗರಿಗರಿ ಮಾಡಲು ಹೊರಟಿದ್ದೇವೆ ಎಂಬುದು ಮೊದಲಿನಿಂದ ಕೊನೆಯವರೆಗೂ ನೆನಪಿರಬೇಕು.

ದಪ್ಪನೆಯ, ಗುಂಡಗಿನ ಗಡ್ಡೆಯನ್ನೇ ಆರಿಸಿಕೊಂಡೆ. ಒಳಗೆ ಎರಡು ಸುಳಿ ಇರುವ ಈರುಳ್ಳಿ ಸರಿಯಾಗಿ ಅರಳುವುದಿಲ್ಲ. ಜುಟ್ಟಿನ ಕಡೆ ಒಂದು ಸೆಂಟಿಮೀಟರ್ ಕೊಯ್ದು ತೆಗೆದ ಕೂಡಲೇ ಅದು ಕಾಣಿಸುತ್ತದೆ. ಅಂಥದ್ದು ಸಿಕ್ಕರೆ ಪಲ್ಯಕ್ಕೆ ಎತ್ತಿಡುವುದು. ಬೇರಿನ ಬುಡವನ್ನು ಮುಟ್ಟಬಾರದು, ಎಸಳುಗಳನ್ನೆಲ್ಲ ಹಿಡಿದು ನಿಲ್ಲಿಸುವುದೇ ಅದು. ಕೊಯ್ದ ಮುಖವನ್ನು ಮಣೆಯ ಮೇಲೆ ಬೋರಲಿಟ್ಟು, ಬುಡದಿಂದ ಒಂದು ಬೆರಳಿನಗಲ ಬಿಟ್ಟು, ಚಾಕುವನ್ನು ನೇರ ಕೆಳಗಿಳಿಸಬೇಕು. ಮೊದಲು ನಾಲ್ಕು ದಿಕ್ಕಿಗೆ, ಆಮೇಲೆ ಅವುಗಳ ನಡುನಡುವೆ, ಒಟ್ಟು 16 ಸೀಳು.

ಕೊಯ್ಯುವ ಮೊದಲು ಗಡ್ಡೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದೆ. ಕಣ್ಣು ಉರಿಸುವ ಅನಿಲ ಹುಟ್ಟುವುದು ಚಾಕು ತಾಗಿ ಕೋಶಗಳು ಒಡೆದಾಗ. ಅದನ್ನು ತಯಾರಿಸುವುದಕ್ಕೆಂದೇ ಈರುಳ್ಳಿಯಲ್ಲಿ ಪ್ರತ್ಯೇಕ ಕಿಣ್ವವೊಂದಿದೆ ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ತಣ್ಣಗಿದ್ದಾಗ ಕಿಣ್ವದ ಕೆಲಸ ನಿಧಾನ. ಜೊತೆಗೆ ಚಾಕು ಹರಿತವಾಗಿದ್ದರೆ ಕಣ್ಣೀರು ಬಹುಪಾಲು ತಪ್ಪುತ್ತದೆ.

ಸೀಳಿದ ಗಡ್ಡೆಯನ್ನು ಐಸ್ ನೀರಿನಲ್ಲಿ ಮುಳುಗಿಸಿಟ್ಟರೆ ಎಸಳುಗಳು ನೀರು ಕುಡಿದು ಬಿಗಿಯಾಗಿ, ತಾವಾಗಿಯೇ ಹೊರಕ್ಕೆ ಬಾಗುತ್ತವೆ. ಖಾರವೂ ಸ್ವಲ್ಪ ತಗ್ಗುತ್ತದೆ. ಆಮೇಲೆ ಅದನ್ನು ತಲೆಕೆಳಗಾಗಿ ಬಟ್ಟೆಯ ಮೇಲಿಟ್ಟೆ.

"ಇನ್ನೂ ಎಷ್ಟು ಹೊತ್ತೇ? ಎಣ್ಣೆ ಕಾಯ್ತಾ ಇದೆ," ಅಂದಳು ಅಕ್ಕ.

"ಉರಿ ಸಣ್ಣ ಮಾಡಕ್ಕಾ. ಎಸಳಿನ ಸಂದಿಯಲ್ಲಿ ಇನ್ನೂ ಪಸೆ ಇದೆ."

ಈ ಕಾಯುವಿಕೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಒದ್ದೆ ಎಸಳಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ, ಕರಿಯುವಾಗ ಚಿಪ್ಪಿನಂತೆ ಕಳಚಿ ಬೀಳುತ್ತದೆ. ಎಸಳಿನ ಒಳಮೈಗೆ ಅಂಟಿರುವ ತೆಳು ಪೊರೆ ಕೈಗೆ ಸಿಕ್ಕಷ್ಟನ್ನು ಎಳೆದು ತೆಗೆದರೆ ಇನ್ನೂ ಒಳ್ಳೆಯದು, ಅದರ ನುಣುಪಿಗೆ ಹಿಟ್ಟು ನಿಲ್ಲುವುದಿಲ್ಲ.

ಮೈದಾಕ್ಕೆ ಅದರ ಅರ್ಧದಷ್ಟು ಕಾರ್ನ್‌ಫ್ಲೋರ್ ಸೇರಿಸಿ, ಉಪ್ಪು, ಅಚ್ಚ ಖಾರದ ಪುಡಿ, ಕಾಳುಮೆಣಸಿನ ಪುಡಿ ಹಾಕಿದೆ. ಬರೀ ಮೈದಾ ಆದರೆ ಅದರ ಗ್ಲುಟೆನ್ ಎಂಬ ಅಂಟು ಪ್ರೋಟೀನಿನಿಂದ ಹೊದಿಕೆ ನಾರುನಾರಾಗುತ್ತದೆ. ಕಾರ್ನ್‌ಫ್ಲೋರಿನಲ್ಲಿ ಗ್ಲುಟೆನ್ ಇಲ್ಲ, ಕರಿದಾಗ ಕಟುಂ ಎನ್ನುತ್ತದೆ. ಮೊದಲು ಒಣ ಹಿಟ್ಟು ಉದುರಿಸಿ, ಗಡ್ಡೆಯನ್ನು ಬೋರಲು ಹಿಡಿದು ಕೊಡವಿ, ಹಾಲು-ಮೊಟ್ಟೆ ಕಲಸಿದ್ದರಲ್ಲಿ ಅದ್ದಿ, ಮತ್ತೆ ಒಣ ಹಿಟ್ಟು. ಸಂದಿಸಂದಿಗೂ ಬೆರಳಿಂದ ತುಂಬಬೇಕು.

ಆಳದ ಬಾಣಲೆ, ಅರ್ಧಕ್ಕಿಂತ ಕಡಿಮೆ ಎಣ್ಣೆ. ಥರ್ಮಾಮೀಟರ್ 180 ಡಿಗ್ರಿ ಸೆಲ್ಸಿಯಸ್ ತೋರಿಸಿದ ಮೇಲೆ ಜಾಲರಿ ಸೌಟಿನಲ್ಲಿಟ್ಟು ಬುಡ ಮೇಲಾಗಿ ಇಳಿಬಿಟ್ಟೆ. ತಣ್ಣನೆ ಗಡ್ಡೆ ಬಿದ್ದೊಡನೆ ಎಣ್ಣೆಯ ಕಾವು ಇಳಿಯುತ್ತದೆ, ಆಗ ಉರಿ ಏರಿಸಬೇಕು. ಸುತ್ತ ಏಳುವ ಗುಳ್ಳೆಗಳು ಆವಿಯಾಗಿ ಹೊರಬರುತ್ತಿರುವ ಈರುಳ್ಳಿಯ ನೀರು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ನುಗ್ಗಲಾರದು. ಕಾವು ಸಾಲದೆ ಹೋದರೆ ತಿಂಡಿ ಎಣ್ಣೆ ಕುಡಿಯುವುದು ಇದಕ್ಕೇ. ಗುಳ್ಳೆಗಳ ಸದ್ದು ತಗ್ಗಿದಾಗ ಮಗುಚಿ, ಹೊಂಬಣ್ಣ ಬರುವವರೆಗೆ ಬಿಟ್ಟೆ.

ತೆಗೆದು ತಂತಿ ಜಾಲರಿಯ ಮೇಲಿಟ್ಟೆ. ಅಕ್ಕ ಕಾಗದ ಹಾಸಲು ಬಂದಳು, ಬೇಡವೆಂದೆ. ಕಾಗದದ ಮೇಲೆ ಕೂತರೆ ತಳದಿಂದ ಬರುವ ಆವಿಗೆ ಹೋಗಲು ಜಾಗವಿಲ್ಲದೆ ಅಡಿ ಮೆತ್ತಗಾಗುತ್ತದೆ. ಉಪ್ಪು ಬಿಸಿಯಿದ್ದಾಗಲೇ ಉದುರಿಸಬೇಕು, ಆಗ ಮಾತ್ರ ಅಂಟುತ್ತದೆ.

ಗಟ್ಟಿ ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ, ಚಿಟಿಕೆ ಸಕ್ಕರೆ ಬೆರೆಸಿ ನಂಚಿಕೊಳ್ಳಲು ಇಟ್ಟೆ. ಹೊರಗಿನ ಎಸಳು ಕಟುಂಕಟುಂ, ಒಳಗಿನದು ಬೆಂದು ಸಿಹಿ. ನಡುವಿನ ಪುಟ್ಟ ಎಸಳುಗಳಿಗಾಗಿ ಅಕ್ಕನಿಗೂ ಅಮ್ಮನಿಗೂ ಜಗಳವೇ ಆಯಿತು. ಮುಂದಿನ ಸಲ ಮೊಟ್ಟೆಯ ಬದಲು ಮಜ್ಜಿಗೆಯಲ್ಲಿ ಅದ್ದಿ ನೋಡಬೇಕು, ಹುಳಿ ಇದಕ್ಕೆ ಒಪ್ಪುತ್ತದೆ ಅನ್ನಿಸುತ್ತಿದೆ.